ತೊಗರಿ ಬಿತ್ತುವ ಮುನ್ನ: ಬೇರುಗಂಟಿನ ಜೀವಾಣುವನ್ನು ಬೀಜಕ್ಕೆ ಸೇರಿಸುವ ಬಗೆ

ಎಕರೆಗೆ 5 ಕ್ವಿಂಟಾಲ್ ತೊಗರಿ ಬಂದಿತೆಂದು ಇಟ್ಟುಕೊಳ್ಳೋಣ. ತೊಗರಿ ಕಾಳಿನಲ್ಲಿ ಸುಮಾರು ಶೇ. 22ರಷ್ಟು ಪ್ರೋಟೀನ್ ಇರುತ್ತದೆ, ಪ್ರೋಟೀನಿನ ಆರರಲ್ಲಿ ಒಂದು ಪಾಲಿನಷ್ಟು ಸಾರಜನಕವಿರುತ್ತದೆ. ಈ ಲೆಕ್ಕದಲ್ಲಿ ಆ 5 ಕ್ವಿಂಟಾಲ್ ಕಾಳಿನ ಜೊತೆಯಲ್ಲಿಯೇ 17 ಕೆ.ಜಿ.ಗೂ ಹೆಚ್ಚು ಸಾರಜನಕ ಹೊಲ ಬಿಟ್ಟು ಮಾರುಕಟ್ಟೆಗೆ ಹೋಗುತ್ತದೆ. ಕಟ್ಟಿಗೆಯಲ್ಲಿ, ಉದುರಿದ ಎಲೆಯಲ್ಲಿ, ಬೇರಿನಲ್ಲಿ ಇರುವುದು ಬೇರೆ. ಬಿತ್ತುವಾಗ ನಾವು ಹಾಕುವ 50 ಕೆ.ಜಿ.ಯ ಒಂದು ಚೀಲ ಡಿಎಪಿಯಲ್ಲಿರುವ ಸಾರಜನಕವಾದರೋ 9 ಕೆ.ಜಿ. ಮಾತ್ರ. ಉಳಿದದ್ದರಲ್ಲಿ ಸ್ವಲ್ಪವನ್ನು ಮಣ್ಣು ಕೊಟ್ಟಿರುತ್ತದೆ. ದೊಡ್ಡ ಪಾಲು ಬಂದಿರುವುದು ಗಾಳಿಯಿಂದ, ಬೇರಿನ ಗಂಟುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳ ದುಡಿಮೆಯಿಂದ.

ಈ ಬ್ಯಾಕ್ಟೀರಿಯಾಗಳನ್ನು ಬೀಜಕ್ಕೆ ಹಚ್ಚಿ ಬಿತ್ತುವ ಕೆಲಸ ಕಷ್ಟದ್ದಲ್ಲ, ಖರ್ಚಿನದೂ ಅಲ್ಲ. ಆದರೂ ಕಲಬುರಗಿ, ಬೀದರ್, ಯಾದಗಿರಿ, ವಿಜಯಪುರ ಭಾಗದ ತೊಗರಿ ಹೊಲಗಳಲ್ಲಿ ಇದನ್ನು ಮಾಡಿದವರಲ್ಲಿ ಅರ್ಧದಷ್ಟು ಮಂದಿ "ಹಚ್ಚಿದೆವು, ಏನೂ ಆಗಲಿಲ್ಲ" ಎನ್ನುವುದನ್ನು ನಾನು ಕೇಳಿದ್ದೇನೆ. ಅವರ ಮಾತು ಸುಳ್ಳಲ್ಲ. ಪೊಟ್ಟಣದಲ್ಲಿರುವುದು ಜೀವ ಎಂಬುದನ್ನು ಮರೆತು ಅದನ್ನು ಗೊಬ್ಬರದ ಪುಡಿಯಂತೆ ನಡೆಸಿಕೊಂಡರೆ ಏನೂ ಆಗುವುದಿಲ್ಲ. ಮಣ್ಣಿನಲ್ಲಿ ಮೊದಲೇ ಸಾಕಷ್ಟು ಜೀವಾಣು ಇದ್ದರೂ ಹೆಚ್ಚಿನದೇನೂ ಕಾಣುವುದಿಲ್ಲ. ಈ ಎರಡರಲ್ಲಿ ನಿಮ್ಮ ಹೊಲದಲ್ಲಿ ಆಗಿದ್ದು ಯಾವುದು ಎಂಬುದನ್ನು ಸಲಿಕೆ ಹಿಡಿದು ನೀವೇ ಕಂಡುಕೊಳ್ಳಬಹುದು. ಆದ್ದರಿಂದ ಹಚ್ಚುವ ಕ್ರಮವನ್ನೂ ಹಚ್ಚಿದ ಮೇಲೆ ಪರೀಕ್ಷಿಸುವ ಕ್ರಮವನ್ನೂ ಇಲ್ಲಿ ಒಟ್ಟಿಗೆ ವಿವರಿಸಿದ್ದೇನೆ.

ಬೇರಿನಲ್ಲಿ ನಡೆಯುವುದೇನು

ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವಿದ್ದರೂ ಗಿಡ ಅದನ್ನು ನೇರವಾಗಿ ಬಳಸಲಾರದು. ದ್ವಿದಳ ಬೆಳೆಗಳು ತಮ್ಮ ಬೇರುಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ಪಡೆಯುತ್ತವೆ ಎಂಬುದನ್ನು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ 1880ರ ದಶಕದಲ್ಲಿ ತೋರಿಸಿಕೊಟ್ಟರು. 1888ರಲ್ಲಿ ನೆದರ್‌ಲ್ಯಾಂಡ್ಸ್‌ನ ಬೈಯರಿಂಕ್ ಆ ಗಂಟುಗಳಿಂದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು. ಅದಾಗಿ ಹತ್ತು ವರ್ಷ ಕಳೆಯುವುದರೊಳಗೆ ಜರ್ಮನಿಯಲ್ಲಿ ಅದು ಮಾರಾಟಕ್ಕೂ ಬಂದಿತ್ತು. ಹೀಗಾಗಿ ಇದು ನಿನ್ನೆ ಮೊನ್ನೆ ಬಂದ ವಿದ್ಯೆಯಲ್ಲ.

ಮೊಳಕೆಯೊಡೆದ ತೊಗರಿಯ ಎಳೆಬೇರು ಕೆಲವು ರಾಸಾಯನಿಕಗಳನ್ನು ಮಣ್ಣಿಗೆ ಸ್ರವಿಸುತ್ತದೆ. ಅದನ್ನು ಗುರುತಿಸಿದ ಬ್ಯಾಕ್ಟೀರಿಯಾ ತನ್ನದೇ ಆದ ಇನ್ನೊಂದು ಸಂಕೇತವಸ್ತುವನ್ನು ಬಿಡುಗಡೆ ಮಾಡುತ್ತದೆ. ಆಗ ಬೇರಿನ ರೋಮ ಕೊಕ್ಕೆಯಂತೆ ಬಾಗಿ ಬ್ಯಾಕ್ಟೀರಿಯಾವನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಮುಂದೆ ಆ ಜಾಗದಲ್ಲಿ ಗಂಟು ಕಟ್ಟುತ್ತದೆ. ಗಿಡ ಎಲೆಯಲ್ಲಿ ತಯಾರಿಸಿದ ಆಹಾರವನ್ನು ಗಂಟಿಗೆ ಇಳಿಸುತ್ತದೆ, ಬ್ಯಾಕ್ಟೀರಿಯಾ ಅದಕ್ಕೆ ಬದಲಾಗಿ ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವ ರೂಪಕ್ಕೆ ತಿರುಗಿಸಿ ಕೊಡುತ್ತದೆ. ಈ ಕೆಲಸ ಮಾಡುವ ಕಿಣ್ವಕ್ಕೆ ಆಮ್ಲಜನಕ ತಗಲಿದರೆ ಅದು ಕೆಡುತ್ತದೆ. ಆದ್ದರಿಂದ ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಹತ್ತಿರದ ಸಂಬಂಧಿಯಾದ ಕೆಂಪು ವಸ್ತುವೊಂದು ಗಂಟಿನೊಳಗೆ ತುಂಬಿಕೊಂಡು ಆಮ್ಲಜನಕವನ್ನು ಹಿಡಿದಿಟ್ಟು ಅಳತೆಯಾಗಿ ಬಿಡುತ್ತದೆ. ದುಡಿಯುವ ಗಂಟನ್ನು ಸೀಳಿದಾಗ ಒಳಗೆ ನಸುಗೆಂಪು ಕಾಣುವುದು ಇದರಿಂದಲೇ. ಈ ಬಣ್ಣವನ್ನು ನೆನಪಿಡಿ, ಪರೀಕ್ಷೆಯ ಹೊತ್ತಿಗೆ ಬೇಕಾಗುತ್ತದೆ.

ಮಣ್ಣಿನಲ್ಲಿ ಸಾರಜನಕ ಸುಲಭವಾಗಿ ಸಿಗುವಂತಿದ್ದರೆ ಗಿಡ ಗಂಟು ಕಟ್ಟುವ ಗೊಡವೆಗೇ ಹೋಗುವುದಿಲ್ಲ. ಬೀಜಕ್ಕೆ ಜೀವಾಣು ಹಚ್ಚಿ ಮೇಲೆ ಯೂರಿಯಾ ಸುರಿದರೆ ಎರಡೂ ಖರ್ಚು ದಂಡ. ತೊಗರಿಗೆ ಎಕರೆಗೆ 10 ಕೆ.ಜಿ. ಸಾರಜನಕ, 20 ಕೆ.ಜಿ. ರಂಜಕ ಎಂಬ ಶಿಫಾರಸು ಇದೆ. ಗಂಟು ಕಟ್ಟಿ ಕೆಲಸ ಆರಂಭಿಸುವವರೆಗೆ ಸಸಿಗೆ ಆಸರೆಯಾಗಲೆಂದು ಕೊಡುವ ಪ್ರಮಾಣವದು. ಒಂದು ಚೀಲ ಡಿಎಪಿಯಲ್ಲಿ 9 ಕೆ.ಜಿ. ಸಾರಜನಕ, 23 ಕೆ.ಜಿ. ರಂಜಕ ಇರುವುದರಿಂದ ಅಷ್ಟಕ್ಕೇ ನಿಲ್ಲಿಸಬಹುದು.

ಯಾವ ಬೆಳೆಗೆ ಯಾವ ಜೀವಾಣು

ಬೇರುಗಂಟಿನ ಜೀವಾಣುವನ್ನು ಅಂಗಡಿಯಲ್ಲಿ ರೈಜೋಬಿಯಂ ಎನ್ನುತ್ತಾರೆ. ಆದರೆ "ರೈಜೋಬಿಯಂ ಕೊಡಿ" ಎಂದಷ್ಟೇ ಕೇಳಿದರೆ ಸಾಲದು, ಬೆಳೆಯ ಹೆಸರನ್ನು ಹೇಳಿ ಕೇಳಬೇಕು. ತೊಗರಿ, ಹೆಸರು, ಉದ್ದು, ಅಲಸಂದೆ ಒಂದೇ ಬಳಗಕ್ಕೆ ಸೇರಿದವು, ಇವುಗಳಿಗೆ ಗಂಟು ಕಟ್ಟಿಸುವ ಬ್ಯಾಕ್ಟೀರಿಯಾಗಳು ಬಹುಮಟ್ಟಿಗೆ ಒಂದೇ ಗುಂಪಿನವು. ತೊಗರಿಯ ಸಾಲುಗಳ ನಡುವೆ ಹೆಸರು ಹಾಕುವವರಿಗೆ ಇದು ಅನುಕೂಲದ ಸಂಗತಿ. ಕಡಲೆಯದು ಸಂಪೂರ್ಣ ಬೇರೆ ಬ್ಯಾಕ್ಟೀರಿಯಾ. ತೊಗರಿಯ ಪೊಟ್ಟಣವನ್ನು ಹಿಂಗಾರಿನಲ್ಲಿ ಕಡಲೆಗೆ ಹಚ್ಚಿದರೆ ಒಂದು ಗಂಟೂ ಕಟ್ಟುವುದಿಲ್ಲ. ಸೋಯಾ ಅವರೆಯದು ಮತ್ತೊಂದು, ಬಟಾಣಿಯದು ಇನ್ನೊಂದು.

ತೊಗರಿಗೂ ಸೋಯಾ ಅವರೆಗೂ ಇರುವ ಒಂದು ವ್ಯತ್ಯಾಸವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಫಲಿತಾಂಶದ ನಿರೀಕ್ಷೆ ನಿಂತಿರುವುದು ಅದರ ಮೇಲೆ. ತೊಗರಿ ಈ ನೆಲದ್ದೇ ಬೆಳೆ. ನೂರಾರು ವರ್ಷಗಳಿಂದ ತೊಗರಿ, ಹೆಸರು, ಅಲಸಂದೆ ಬೆಳೆಯುತ್ತಾ ಬಂದ ಹೊಲಗಳಲ್ಲಿ ಅದಕ್ಕೆ ಒಗ್ಗುವ ಬ್ಯಾಕ್ಟೀರಿಯಾಗಳು ಮೊದಲೇ ಇರುತ್ತವೆ. ಅವುಗಳಲ್ಲಿ ಕೆಲವು ಚುರುಕಿನವು, ಕೆಲವು ಗಂಟು ಕಟ್ಟಿಯೂ ಹೆಚ್ಚು ಸಾರಜನಕ ಕೊಡದ ಸೋಮಾರಿಗಳು. ನಾವು ಬೀಜಕ್ಕೆ ಹಚ್ಚಿದ ಚುರುಕು ತಳಿ ಇವುಗಳೊಡನೆ ಸ್ಪರ್ಧಿಸಿ ಬೇರನ್ನು ಮೊದಲು ಹಿಡಿಯಬೇಕು. ಹೀಗಾಗಿ ತೊಗರಿಯಲ್ಲಿ ಸಿಗುವ ಲಾಭ ಸಾಧಾರಣವಾಗಿ ಮಿತವಾದದ್ದು, ಹೊಲದಿಂದ ಹೊಲಕ್ಕೆ ಬದಲಾಗುವಂಥದ್ದು. ಸೋಯಾ ಅವರೆ ಹಾಗಲ್ಲ. ಅದು ಹೊರಗಿನಿಂದ ಬಂದ ಬೆಳೆ, ಅದರ ಜೀವಾಣು ನಮ್ಮ ಮಣ್ಣಿನಲ್ಲಿ ಮೂಲತಃ ಇರಲಿಲ್ಲ. ಬೀದರ್, ಬೆಳಗಾವಿ, ಧಾರವಾಡ ಕಡೆ ಮೊದಲ ಬಾರಿಗೆ ಸೋಯಾ ಕಾಣುವ ಹೊಲದಲ್ಲಿ ಬೀಜೋಪಚಾರ ಮಾಡಿದ ಸಾಲು ದಟ್ಟ ಹಸಿರಾಗಿಯೂ ಮಾಡದ ಸಾಲು ತಿಳಿಹಳದಿಯಾಗಿಯೂ ನಿಲ್ಲುವುದನ್ನು ರಸ್ತೆಯಿಂದಲೇ ಗುರುತಿಸಬಹುದು. ತೊಗರಿಯಲ್ಲಿ ಅಂಥ ದೃಶ್ಯವನ್ನು ನಿರೀಕ್ಷಿಸಿ ನಿರಾಶರಾಗಬೇಡಿ. ಆದರೆ ಹಲವು ವರ್ಷ ಬರೀ ಹತ್ತಿ, ಕಬ್ಬು ಅಥವಾ ಜೋಳ ಬೆಳೆದ ಹೊಲವನ್ನು ತೊಗರಿಗೆ ತಿರುಗಿಸುವಾಗ, ಹೊಸದಾಗಿ ಮಣ್ಣು ಹೊಡೆಸಿದ ಹೊಲದಲ್ಲಿ, ಸವುಳು ನೆಲದಲ್ಲಿ ಇದನ್ನು ಬಿಡಲೇಬಾರದು.

ಬೇರುಗಂಟಿನ ಜೀವಾಣುವಿನ ಜೊತೆಗೆ ರಂಜಕ ಕರಗಿಸುವ ಜೀವಾಣುವನ್ನೂ ತೆಗೆದುಕೊಳ್ಳಿ. ಅಂಗಡಿಗಳಲ್ಲಿ ಇದನ್ನು ಪಿಎಸ್‌ಬಿ ಎನ್ನುತ್ತಾರೆ. ಎರೆ ಮಣ್ಣಿನಲ್ಲಿ ರಂಜಕ ಸುಣ್ಣದ ಅಂಶದೊಡನೆಯೂ ಕೆಂಪು ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂಗಳೊಡನೆಯೂ ಸೇರಿ ಕಟ್ಟಿಹೋಗುತ್ತದೆ. ಈ ಬ್ಯಾಕ್ಟೀರಿಯಾಗಳು ಸ್ರವಿಸುವ ಸಾವಯವ ಆಮ್ಲಗಳು ಅದರಲ್ಲಿ ಸ್ವಲ್ಪವನ್ನು ಬಿಡಿಸಿಕೊಡುತ್ತವೆ. ತೊಗರಿಯ ಬೇರೇ ಒಂದು ಬಗೆಯ ಆಮ್ಲವನ್ನು ಸ್ರವಿಸಿ ಕಬ್ಬಿಣ ಹಿಡಿದಿಟ್ಟ ರಂಜಕವನ್ನು ಬಿಡಿಸಿಕೊಳ್ಳಬಲ್ಲದು. ಈ ಬೆಳೆಯ ಮೇಲೆ ನನಗಿರುವ ಅಭಿಮಾನಕ್ಕೆ ಇದೂ ಒಂದು ಕಾರಣ. ಆದರೆ ಪಿಎಸ್‌ಬಿ ರಂಜಕವನ್ನು ಹೊಸದಾಗಿ ತಂದುಕೊಡುವುದಿಲ್ಲ, ಇರುವುದನ್ನು ಬಿಡಿಸುತ್ತದೆ ಅಷ್ಟೆ. ಅದನ್ನು ಹಾಕಿದ್ದೇವೆಂದು ರಂಜಕ ಗೊಬ್ಬರವನ್ನು ಪೂರ್ತಿ ನಿಲ್ಲಿಸುವುದು ಸರಿಯಲ್ಲ. ಗಂಟು ಕಟ್ಟುವುದಕ್ಕೆ ಮತ್ತು ಗಂಟು ದುಡಿಯುವುದಕ್ಕೆ ರಂಜಕ ಬೇಕೇ ಬೇಕು.

ಪೊಟ್ಟಣ ಕೊಳ್ಳುವಾಗ, ಮನೆಗೆ ತರುವಾಗ

ಜೀವಾಣು ಗೊಬ್ಬರಗಳು 2006ರಿಂದ ಕೇಂದ್ರ ಸರ್ಕಾರದ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದಿವೆ. ಅದರ ಪ್ರಕಾರ ಪುಡಿ ರೂಪದ ರೈಜೋಬಿಯಂನಲ್ಲಿ ಪ್ರತಿ ಗ್ರಾಂಗೆ ಕನಿಷ್ಠ 5 ಕೋಟಿ, ದ್ರವ ರೂಪದ್ದರಲ್ಲಿ ಪ್ರತಿ ಮಿ.ಲೀ.ಗೆ ಕನಿಷ್ಠ 10 ಕೋಟಿ ಜೀವಂತ ಕೋಶಗಳಿರಬೇಕು. ಇದರ ಅರ್ಥವೇನೆಂದು ಒಮ್ಮೆ ಲೆಕ್ಕ ಹಾಕಿ ನೋಡಿ. 200 ಗ್ರಾಂ ಪೊಟ್ಟಣದಲ್ಲಿ 1,000 ಕೋಟಿ ಕೋಶಗಳಾದವು. ನೂರು ತೊಗರಿ ಕಾಳಿನ ತೂಕ ಸುಮಾರು 10 ಗ್ರಾಂ, ಅಂದರೆ 10 ಕೆ.ಜಿ. ಬೀಜದಲ್ಲಿ ಸುಮಾರು 1 ಲಕ್ಷ ಕಾಳು. ಒಂದೊಂದು ಕಾಳಿನ ಪಾಲಿಗೆ 1 ಲಕ್ಷ ಬ್ಯಾಕ್ಟೀರಿಯಾ ಬಂದಂತಾಯಿತು. ಹಚ್ಚುವಾಗ, ಒಣಗಿಸುವಾಗ, ಮಣ್ಣಿಗೆ ಬಿದ್ದ ಮೇಲೆ ಬಹಳಷ್ಟು ಸಾಯುತ್ತವೆ, ಅದಕ್ಕೆಂದೇ ಇಷ್ಟು ದೊಡ್ಡ ಸಂಖ್ಯೆ. ಪೊಟ್ಟಣ ಬಿಸಿಲಿನಲ್ಲಿ ಬೆಂದಿದ್ದರೆ ಈ ಲೆಕ್ಕವೆಲ್ಲ ಕಾಗದದ ಮೇಲೆ ಮಾತ್ರ ಉಳಿಯುತ್ತದೆ.

ಪೊಟ್ಟಣದ ಮೇಲೆ ಬೆಳೆಯ ಹೆಸರು, ತಯಾರಾದ ದಿನಾಂಕ, ಅವಧಿ ಮುಗಿಯುವ ದಿನಾಂಕ, ಬ್ಯಾಚ್ ಸಂಖ್ಯೆ ಇವೆಯೇ ಎಂದು ಓದಿಯೇ ಕೊಳ್ಳಿ. ಲಿಗ್ನೈಟ್‌ನಂತಹ ಕಪ್ಪು ಪುಡಿಯಲ್ಲಿ ಬೆರೆಸಿದ್ದನ್ನು ಸಾಮಾನ್ಯವಾಗಿ ಆರು ತಿಂಗಳೊಳಗೆ ಬಳಸಬೇಕು, ದ್ರವ ರೂಪದ್ದು ಒಂದು ವರ್ಷದವರೆಗೂ ಬಾಳುತ್ತದೆ. ಪುಡಿ ಮುಟ್ಟಿದರೆ ತೇವವಾಗಿರಬೇಕು. ಒಣಗಿ ಹುಡಿಯಾಗಿ ಹಾರುವಂತಿದ್ದರೆ ಅದರಲ್ಲಿ ಜೀವ ಉಳಿದಿರುವ ಭರವಸೆ ಕಡಿಮೆ. ಕೃಷಿ ವಿಶ್ವವಿದ್ಯಾಲಯಗಳಲ್ಲಿ, ಹಲವು ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಇವು ಸಿಗುತ್ತವೆ. ರೈತ ಸಂಪರ್ಕ ಕೇಂದ್ರದಲ್ಲಿಯೂ ವಿಚಾರಿಸಬಹುದು. ಮುಂಗಾರಿನ ಮೊದಲ ವಾರದ ನೂಕುನುಗ್ಗಲಿಗೆ ಮುಂಚೆ, ಬೀಜ ಕೊಳ್ಳುವಾಗಲೇ ತಂದಿಟ್ಟುಕೊಳ್ಳುವುದು ಒಳ್ಳೆಯದು.

ತಂದಿಟ್ಟುಕೊಳ್ಳುವುದೆಂದರೆ ಎಲ್ಲಿ ಎಂಬುದೇ ಮುಖ್ಯ. ಒಂದು ವರ್ಷ ನಾನು ಮೂರು ಪೊಟ್ಟಣಗಳನ್ನು ತಾಲ್ಲೂಕು ಕೇಂದ್ರದಿಂದ ಬೈಕಿನ ಡಿಕ್ಕಿಯಲ್ಲಿ ತಂದೆ. ದಾರಿಯಲ್ಲಿ ಬೇರೆ ಕೆಲಸಗಳಿದ್ದವು, ಜೂನ್ ಮೊದಲ ವಾರದ ಬಿಸಿಲಿನಲ್ಲಿ ಬೈಕು ಮಧ್ಯಾಹ್ನವೆಲ್ಲ ನಿಂತಿತ್ತು. ಮನೆಗೆ ಬಂದು ತೆಗೆದಾಗ ಪೊಟ್ಟಣ ಬಿಸಿಯಾಗಿತ್ತು, ಒಳಮೈಯಲ್ಲಿ ನೀರ ಹನಿಗಳು ಕೂತಿದ್ದವು. ಅದನ್ನೇ ಹಚ್ಚಿ ಬಿತ್ತಿದೆ. ನಲವತ್ತು ದಿನಗಳ ನಂತರ ಅಗೆದು ನೋಡಿದಾಗ ಹಚ್ಚಿದ ಸಾಲಿಗೂ ಹಚ್ಚದ ಸಾಲಿಗೂ ಗಂಟಿನಲ್ಲಿ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಅಂದಿನಿಂದ ಪೊಟ್ಟಣಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿ ತರುತ್ತೇನೆ, ಬೇರೆ ಕೆಲಸಕ್ಕೆ ನಿಲ್ಲುವುದಿಲ್ಲ. ಮನೆಯಲ್ಲಿ ನೀರಿನ ಗಡಿಗೆಯ ಪಕ್ಕದ ತಂಪು ಮೂಲೆಯಲ್ಲಿ, ಕೀಟನಾಶಕ ಮತ್ತು ರಸಗೊಬ್ಬರಗಳಿಂದ ದೂರದಲ್ಲಿ ಇಡಬೇಕು. ಫ್ರಿಜ್ ಇದ್ದರೆ ಕೆಳಗಿನ ಅಂಕಣದಲ್ಲಿ ಇಡಬಹುದು, ಮಂಜುಗಟ್ಟುವ ಅಂಕಣದಲ್ಲಿ ಇಡಬಾರದು. ತಗಡಿನ ಕೊಟ್ಟಿಗೆಯಲ್ಲಂತೂ ಎಂದಿಗೂ ಇಡಬೇಡಿ.

ಬೀಜಕ್ಕೆ ಹಚ್ಚುವ ಕ್ರಮ

ಬಿತ್ತನೆಯ ದಿನ ಬೆಳಿಗ್ಗೆ ಬೇಗ ಈ ಕೆಲಸ ಆಗಬೇಕು. ಹಿಂದಿನ ರಾತ್ರಿಯೇ ಅಂಟು ಸಿದ್ಧವಾಗಿರಲಿ. 10 ಕೆ.ಜಿ. ಬೀಜಕ್ಕೆ ಅರ್ಧ ಲೀಟರ್ ನೀರು, ಅದಕ್ಕೆ 50 ಗ್ರಾಂ ಬೆಲ್ಲ ಹಾಕಿ ಕುದಿಸಿ ಇಳಿಸಿ. ಕುದಿಸುವುದರಿಂದ ಬೇಡದ ಸೂಕ್ಷ್ಮಾಣುಗಳು ಸಾಯುತ್ತವೆ, ಬೆಲ್ಲವೂ ಚೆನ್ನಾಗಿ ಕರಗುತ್ತದೆ. ಪಾಕ ಪೂರ್ತಿ ತಣ್ಣಗಾಗುವವರೆಗೆ ಪೊಟ್ಟಣವನ್ನು ಒಡೆಯಬೇಡಿ. ಹಾಲಿಗೆ ಹೆಪ್ಪು ಹಾಕುವಾಗ ಬಿಸಿ ನೋಡುವಂತೆಯೇ ಇಲ್ಲಿಯೂ ಬೆರಳಿಟ್ಟು ನೋಡಬೇಕು. ನಲ್ಲಿ ನೀರಿನಲ್ಲಿ ಕ್ಲೋರಿನ್ ವಾಸನೆ ಇದ್ದರೆ ಬಾವಿ ನೀರನ್ನು ಬಳಸಿ, ಇಲ್ಲವೇ ತೆರೆದ ಪಾತ್ರೆಯಲ್ಲಿ ಒಂದು ದಿನ ಇಟ್ಟ ನೀರನ್ನು ತೆಗೆದುಕೊಳ್ಳಿ.

ನೆರಳಿನಲ್ಲಿ, ಪಡಸಾಲೆಯಲ್ಲಿ ಅಥವಾ ಮರದ ಕೆಳಗೆ, ತಾಡಪಾಲು ಹಾಸಿ ಬೀಜ ಹರವಿ. ಆ ತಾಡಪಾಲಿನ ಮೇಲೆ ಹಿಂದೆ ಕೀಟನಾಶಕ ಅಥವಾ ಯೂರಿಯಾ ಸುರಿದಿರಬಾರದು. ತಣಿದ ಪಾಕವನ್ನು ಸ್ವಲ್ಪ ಸ್ವಲ್ಪವಾಗಿ ಚಿಮುಕಿಸುತ್ತಾ ಎರಡೂ ಕೈಗಳಿಂದ ಬೀಜವನ್ನು ಮೇಲೆ ಕೆಳಗೆ ಮಾಡಿ. ಪ್ರತಿ ಕಾಳೂ ಒದ್ದೆಯಾಗಿ ಹೊಳೆಯಬೇಕು, ಆದರೆ ತಳದಲ್ಲಿ ನೀರು ನಿಲ್ಲಬಾರದು. ಮಾಡಿದ ಪಾಕವೆಲ್ಲ ಖರ್ಚಾಗಬೇಕೆಂಬ ನಿಯಮವೇನೂ ಇಲ್ಲ. ಆಮೇಲೆ ರೈಜೋಬಿಯಂ ಮತ್ತು ಪಿಎಸ್‌ಬಿ ಎರಡನ್ನೂ, 10 ಕೆ.ಜಿ. ಬೀಜಕ್ಕೆ ತಲಾ 200 ಗ್ರಾಂನಂತೆ, ಒಣಬಟ್ಟಲಿನಲ್ಲಿ ಬೆರೆಸಿಕೊಂಡು ಬೀಜದ ಮೇಲೆ ಉದುರಿಸಿ. ಕೈ ಹಗುರವಾಗಿರಲಿ. ತಿಕ್ಕಿದರೆ ಸಿಪ್ಪೆ ಬಿರಿದು ಮೊಳಕೆಯೇ ಕೆಡುತ್ತದೆ. ತೊಗರಿ ಅಷ್ಟೇನೂ ನಾಜೂಕಲ್ಲ, ಆದರೆ ಸೋಯಾ ಮತ್ತು ಶೇಂಗಾ ಬೀಜಕ್ಕೆ ಈ ಎಚ್ಚರ ಬಹಳ ಬೇಕು. ಕೆಲವೇ ನಿಮಿಷಗಳಲ್ಲಿ ಕೆಂಪು ಕಾಳು, ಬಿಳಿ ಕಾಳು ಎಲ್ಲವೂ ಒಂದೇ ಕಪ್ಪಿಗೆ ಬರುತ್ತವೆ. ಎಲ್ಲಿಯೂ ಬೀಜದ ಮೂಲ ಬಣ್ಣ ಇಣುಕದಿದ್ದರೆ ಕೆಲಸ ಮುಗಿದಂತೆ. ದ್ರವ ರೂಪದ್ದಾದರೆ ಅಂಟು ಬೇಡ, ಲೇಬಲ್ಲಿನ ಮೇಲಿರುವ ಅಳತೆಯಂತೆ ನೇರವಾಗಿ ಹಚ್ಚಬಹುದು.

ಎಕರೆಗೆ 5-6 ಕೆ.ಜಿ. ತೊಗರಿ ಬೀಜ ಸಾಕಾಗುವುದರಿಂದ ಒಂದು ಪೊಟ್ಟಣ ಸುಮಾರು ಎರಡು ಎಕರೆಗೆ ಆಗುತ್ತದೆ. ಒಡೆದ ಪೊಟ್ಟಣವನ್ನು ಮರುವಾರಕ್ಕೆ ಎತ್ತಿಡಬೇಡಿ. ಒಂದೇ ಎಕರೆ ಇದ್ದವರು ಪಕ್ಕದ ಹೊಲದವರ ಜೊತೆ ಹಂಚಿಕೊಳ್ಳಬಹುದು, ಅಥವಾ ಉಳಿದದ್ದನ್ನು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಬಹುದು.

ಬೀಜವನ್ನು ನೆರಳಿನಲ್ಲಿಯೇ ಅರ್ಧ ಗಂಟೆ ಆರಬಿಡಿ. ಕಾಳಿಗೆ ಕಾಳು ಅಂಟದೆ ಬಿಡಿಬಿಡಿಯಾಗಿ ಜಾರುವಂತಾದರೆ ಕೂರಿಗೆಗೆ ಹಾಕಬಹುದು. ಅಂದೇ ಬಿತ್ತಿ ಮುಗಿಸಬೇಕು. ಮಳೆ ಬಂದು ಬಿತ್ತನೆ ನಿಂತು ಮಾರನೆಯ ದಿನಕ್ಕೂ ಹೋಯಿತೆಂದರೆ ಬಿತ್ತುವ ಮೊದಲು ಮತ್ತೊಮ್ಮೆ ಹಚ್ಚುವುದು ಲೇಸು.

ಕೆಂಪು ಹುಳಿ ಮಣ್ಣಿನ ಪ್ರದೇಶದಲ್ಲಿ ಜೀವಾಣು ಹಚ್ಚಿದ ಬೀಜದ ಮೇಲೆ ನುಣುಪಾದ ಸುಣ್ಣದ ಕಲ್ಲಿನ ಪುಡಿಯನ್ನು ಉದುರಿಸಿ ಹೊದಿಕೆ ಕೊಡುವ ಪದ್ಧತಿಯೂ ಇದೆ. ಗೋಡೆಗೆ ಬಳಿಯುವ ಸುಟ್ಟ ಸುಣ್ಣವನ್ನು ಅಪ್ಪಿತಪ್ಪಿಯೂ ಬಳಸಬೇಡಿ, ಅದರ ಕ್ಷಾರಕ್ಕೆ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಎರೆ ಮಣ್ಣಿಗೆ ಈ ಹೊದಿಕೆಯ ಅಗತ್ಯವೇ ಇಲ್ಲ.

ಶಿಲೀಂಧ್ರನಾಶಕದ ಜೊತೆ

ನೆಟೆ ರೋಗದಿಂದ ಗಿಡಗಳು ನಿಂತಲ್ಲೇ ಒಣಗಿದ್ದನ್ನು ಕಂಡ ರೈತರು ಬೀಜಕ್ಕೆ ಏನಾದರೂ ಔಷಧ ಹಚ್ಚದೆ ಬಿತ್ತಲು ಹೆದರುವುದು ಸಹಜ. ಆ ರೋಗವನ್ನು ತರುವುದು ಮಣ್ಣಿನಲ್ಲಿಯೇ ಉಳಿದುಕೊಳ್ಳುವ ಫ್ಯುಸೇರಿಯಂ ಎಂಬ ಶಿಲೀಂಧ್ರ. ಅದಕ್ಕೆ ಮೊದಲ ಉತ್ತರ ರೋಗ ತಾಳುವ ತಳಿ ಮತ್ತು ಬೆಳೆ ಬದಲಾವಣೆ. ಎರಡನೆಯದು ಟ್ರೈಕೋಡರ್ಮಾ. ಅದು ಬ್ಯಾಕ್ಟೀರಿಯಾ ಅಲ್ಲ, ಉಪಕಾರಿ ಶಿಲೀಂಧ್ರ. ಪ್ರತಿ ಕೆ.ಜಿ. ಬೀಜಕ್ಕೆ 4 ಗ್ರಾಂನಂತೆ ಹಚ್ಚಬೇಕು. ರೈಜೋಬಿಯಂ ಜೊತೆ ಇದಕ್ಕೆ ಜಗಳವಿಲ್ಲದ ಕಾರಣ ಅದೇ ದಿನ ಹಚ್ಚಬಹುದು.

ರಾಸಾಯನಿಕ ಶಿಲೀಂಧ್ರನಾಶಕ ಹಚ್ಚಲೇಬೇಕೆಂದಿದ್ದರೆ ಕ್ರಮ ತಪ್ಪಬಾರದು. ಮೊದಲು ಶಿಲೀಂಧ್ರನಾಶಕ, ಅದು ಒಣಗಿದ ಮೇಲೆ ಬೇಕಿದ್ದರೆ ಕೀಟನಾಶಕ, ಎಲ್ಲಕ್ಕೂ ಕೊನೆಗೆ, ಬಿತ್ತುವುದಕ್ಕೆ ಸ್ವಲ್ಪ ಮೊದಲು, ಜೀವಾಣು. ಆಗ ಜೀವಾಣುವಿನ ಪ್ರಮಾಣವನ್ನು ಎರಡು ಪಟ್ಟು ಮಾಡಬೇಕು. ಬೀಜವನ್ನು ಗಡುಸುಗೊಳಿಸಲು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ನೆನೆಸುವವರು ಅದನ್ನೂ ಮೊದಲೇ ಮುಗಿಸಿ, ನೆರಳಲ್ಲಿ ಒಣಗಿಸಿಕೊಂಡಿರಬೇಕು. ಕಂಪನಿಯಿಂದಲೇ ಕೆಂಪು ಅಥವಾ ನೀಲಿ ಬಣ್ಣದ ಔಷಧ ಲೇಪಿಸಿ ಬಂದ ಬೀಜಕ್ಕೆ ಮೇಲಿಂದ ಜೀವಾಣು ಹಚ್ಚುವುದಕ್ಕಿಂತ ಮುಂದೆ ಹೇಳುವಂತೆ ಗೊಬ್ಬರದಲ್ಲಿ ಬೆರೆಸಿ ಸಾಲಿಗೆ ಕೊಡುವುದೇ ಮೇಲು ಎಂದು ನನ್ನ ಅಭಿಪ್ರಾಯ. ಅಂಥ ಬೀಜವನ್ನು ಬರಿಗೈಯಲ್ಲಿ ಕಲಸುವುದು ನಮಗೂ ಒಳ್ಳೆಯದಲ್ಲ.

ಮಣ್ಣಿಗೆ ಕೊಡುವ ಕ್ರಮ ಹೀಗಿದೆ. ಎಕರೆಗೆ 2 ಕೆ.ಜಿ. ಜೀವಾಣು ಗೊಬ್ಬರವನ್ನು 50 ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರದಲ್ಲಿ ಬೆರೆಸಿ, ಕೈಯಲ್ಲಿ ಹಿಡಿದರೆ ಉಂಡೆಯಾಗುವಷ್ಟು ನೀರು ಚಿಮುಕಿಸಿ. ನೆರಳಿನಲ್ಲಿ ಗುಡ್ಡೆ ಮಾಡಿ ಒದ್ದೆ ಗೋಣಿ ಮುಚ್ಚಿ ಒಂದು ವಾರ ಬಿಡಿ, ಒಣಗದಂತೆ ನೋಡಿಕೊಳ್ಳಿ. ಗೊಬ್ಬರ ಅರೆಕಳಿತದ್ದಾಗಿದ್ದರೆ ಒಳಗೆ ಕಾವು ಏರಿ ಬ್ಯಾಕ್ಟೀರಿಯಾ ಸಾಯುತ್ತದೆ, ಆದ್ದರಿಂದ ಮಧ್ಯೆ ಒಮ್ಮೆ ಕೈ ತೂರಿಸಿ ನೋಡಿ. ಬಿತ್ತುವ ದಿನ ಇದನ್ನು ಸಾಲಿನಲ್ಲಿ, ಬೀಜದ ಸಮೀಪ ಬೀಳುವಂತೆ ಹಾಕಬೇಕು. ಹೊಲವೆಲ್ಲ ಎರಚಿದರೆ ಬಿಸಿಲಿಗೇ ಹೋಗುತ್ತದೆ.

ಬಿತ್ತನೆಯಲ್ಲಿ

ಹಸಿ ಇದ್ದಾಗಲೇ ಬಿತ್ತಿ. ಮಳೆ ಬರುತ್ತದೆಂದು ನಂಬಿ ಒಣಮಣ್ಣಿನಲ್ಲಿ ಬಿತ್ತಿದರೆ ಬೀಜವೇನೋ ಕಾಯುತ್ತದೆ, ಬ್ಯಾಕ್ಟೀರಿಯಾ ಕಾಯುವುದಿಲ್ಲ. ಡಿಎಪಿಯನ್ನು ಹಚ್ಚಿದ ಬೀಜದೊಡನೆ ಒಂದೇ ಬಟ್ಟಲಿಗೆ ಸುರಿಯುವ ರೂಢಿ ಕೆಲವು ಕಡೆ ಇದೆ. ಗೊಬ್ಬರದ ಉಪ್ಪಿನಂಶ ನೇರವಾಗಿ ತಗಲಿ ಜೀವಾಣು ಸಾಯುವುದರಿಂದ ಬೀಜಕ್ಕೂ ಗೊಬ್ಬರಕ್ಕೂ ಬೇರೆ ಬೇರೆ ಬಟ್ಟಲಿರುವ ಕೂರಿಗೆಯನ್ನೇ ಬಳಸಬೇಕು. ಗೊಬ್ಬರ ಬೀಜಕ್ಕಿಂತ ಆಳದಲ್ಲಿ, ತುಸು ಪಕ್ಕಕ್ಕೆ ಬೀಳಲಿ.

ಹೊಲದ ಒಂದು ಅಂಚಿನಲ್ಲಿ ನಾಲ್ಕರಿಂದ ಆರು ಸಾಲುಗಳಿಗೆ ಹಚ್ಚದ ಬೀಜವನ್ನು ಬಿತ್ತಿ. ಗೊಬ್ಬರ, ಕಳೆ, ಸಿಂಪಡಣೆ ಎಲ್ಲವೂ ಉಳಿದ ಹೊಲಕ್ಕೆ ಕೊಟ್ಟಂತೆಯೇ ಇರಲಿ. ಈ ಸಾಲುಗಳನ್ನೇ ಮೊದಲು ಬಿತ್ತಬೇಕು. ಹಚ್ಚಿದ ಬೀಜ ಹಾಯ್ದ ಕೂರಿಗೆಯ ಕೊಳವೆಯಲ್ಲಿ ಕಪ್ಪು ಪುಡಿ ಉಳಿದಿರುತ್ತದೆ, ಆಮೇಲೆ ಬಿತ್ತಿದರೆ ಹೋಲಿಕೆ ಕೆಟ್ಟುಹೋಗುತ್ತದೆ. ಎರಡೂ ತುದಿಗೆ ಗೂಟ ನೆಟ್ಟು ಗುರುತು ಮಾಡಿ. ಈ ಸಾಲುಗಳನ್ನು ಬಿಡದೆ ಜೀವಾಣು ಹಚ್ಚಿದವರಿಗೆ ಅದರಿಂದ ಲಾಭವಾಯಿತೋ ಇಲ್ಲವೋ ಎಂದು ತಿಳಿಯುವ ದಾರಿಯೇ ಇಲ್ಲ. ಬೆಳೆ ಚೆನ್ನಾಗಿ ಬಂದರೆ ಮಳೆಯಿಂದಲೂ ಬಂದಿರಬಹುದು.

ಅಗೆದು ನೋಡುವುದು

ಬಿತ್ತಿದ ಎರಡು ಮೂರು ವಾರಕ್ಕೆ ಗಂಟುಗಳು ಕಾಣತೊಡಗುತ್ತವೆ. 35ರಿಂದ 45 ದಿನಗಳ ನಡುವೆ ಪರೀಕ್ಷಿಸುವುದು ಅನುಕೂಲ. ಹಚ್ಚಿದ ಭಾಗದಿಂದ ಐದು, ಹಚ್ಚದ ಸಾಲುಗಳಿಂದ ಐದು ಗಿಡಗಳನ್ನು ಆರಿಸಿ, ಒಳ್ಳೆಯ ಗಿಡಗಳನ್ನೇ ಹುಡುಕದೆ ನಡೆದಂತೆ ಸಿಕ್ಕವನ್ನು ತೆಗೆದುಕೊಳ್ಳಿ. ಗಿಡವನ್ನು ಎಂದಿಗೂ ಕೈಯಿಂದ ಕೀಳಬಾರದು, ಗಂಟುಗಳೆಲ್ಲ ಕಳಚಿ ಮಣ್ಣಿನಲ್ಲಿಯೇ ಉಳಿಯುತ್ತವೆ. ಬುಡದಿಂದ ಒಂದು ಗೇಣು ದೂರದಲ್ಲಿ ಸುತ್ತಲೂ ಸಲಿಕೆ ಇಳಿಸಿ ಮಣ್ಣಿನ ಹೆಂಟೆಯ ಸಮೇತ ಎತ್ತಿ ನೀರಿನ ಬಕೆಟ್ಟಿನಲ್ಲಿ ಇಡಿ. ಎರೆ ಮಣ್ಣಾದರೆ ಅರ್ಧ ಗಂಟೆಯಾದರೂ ನೆನೆಯಬೇಕು. ಆಮೇಲೆ ಗಿಡವನ್ನು ನೀರಿನಲ್ಲಿ ನಿಧಾನವಾಗಿ ಆಡಿಸಿದರೆ ಮಣ್ಣು ಕರಗಿ ಇಳಿಯುತ್ತದೆ, ಬಿಳಿ ಬೇರುಗಳ ನಡುವೆ ಸಾಸಿವೆಯಿಂದ ಬಟಾಣಿಯ ಗಾತ್ರದವರೆಗಿನ ಗುಂಡು ಗಂಟುಗಳು ತೋರುತ್ತವೆ. ಮೊದಲ ಬಾರಿ ನೋಡುವವರು ಇದನ್ನು ಬೇರುಗಂಟು ಜಂತುವಿನ ರೋಗವೆಂದು ತಪ್ಪು ತಿಳಿಯುವುದುಂಟು. ಜೀವಾಣುವಿನ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು ಉಗುರಿನಿಂದ ತಳ್ಳಿದರೆ ಸುಲಭವಾಗಿ ಕಳಚುತ್ತದೆ. ಜಂತುವಿನ ಗಂಟಿನಲ್ಲಿ ಬೇರೇ ಊದಿಕೊಂಡಿರುವುದರಿಂದ ಅದನ್ನು ಬಿಡಿಸಲು ಬರುವುದಿಲ್ಲ.

ಪ್ರತಿ ಗಿಡದ ಗಂಟುಗಳನ್ನು ಎಣಿಸಿ ಬರೆದುಕೊಳ್ಳಿ, ಮತ್ತೆ ಹತ್ತಾರನ್ನು ಬ್ಲೇಡಿನಿಂದ ಸೀಳಿ ಬಣ್ಣ ನೋಡಿ. ನಸುಗೆಂಪು ಅಥವಾ ಕೆಂಪು ಕಂಡರೆ ಗಂಟು ದುಡಿಯುತ್ತಿದೆ. ಬಿಳಿಯಾಗಿದ್ದರೆ ಇನ್ನೂ ಎಳೆಯದು ಅಥವಾ ಕೆಲಸಕ್ಕೆ ಬಾರದ ತಳಿಯದು. ಹಸಿರು, ಕಂದು ಬಣ್ಣ ಬಂದಿದ್ದರೆ ಅದರ ಆಯುಷ್ಯ ಮುಗಿದಿದೆ. ಎರೆ ಭೂಮಿಯಲ್ಲಿ ಇನ್ನೊಂದನ್ನೂ ಗಮನಿಸಬೇಕು. ಕೆಲವು ಗಂಟುಗಳು ಹೊರಗೆ ಸರಿಯಾಗಿ ಕಂಡರೂ ಒಳಗೆ ಟೊಳ್ಳಾಗಿ ಕಪ್ಪು ಹಿಟ್ಟಿನಂತಾಗಿರುತ್ತವೆ. ರಿವೆಲಿಯಾ ಎಂಬ ಸಣ್ಣ ನೊಣದ ಮರಿಹುಳು ಒಳಹೊಕ್ಕು ತಿಂದ ಗುರುತು ಅದು. ಹಾಗಾಗಿದ್ದರೆ ತಪ್ಪು ಪೊಟ್ಟಣದ್ದಲ್ಲ, ಹಚ್ಚಿದವರದೂ ಅಲ್ಲ.

ಎರಡೂ ಕಡೆ ಗಂಟು ಹೇರಳವಾಗಿದ್ದು ಒಳಗೆ ಕೆಂಪಿದ್ದರೆ ನಿಮ್ಮ ಮಣ್ಣಿನಲ್ಲಿ ಚುರುಕಿನ ಜೀವಾಣು ಮೊದಲೇ ನೆಲೆಸಿದೆ ಎಂದರ್ಥ. ಮುಂದಿನ ವರ್ಷ ರೈಜೋಬಿಯಂ ಖರ್ಚನ್ನು ಬಿಟ್ಟರೂ ನಡೆಯುತ್ತದೆ, ಯೂರಿಯಾ ಹಾಕುವುದಕ್ಕಂತೂ ಕಾರಣವೇ ಇಲ್ಲ. ಹಚ್ಚಿದ ಕಡೆ ಮಾತ್ರ ಮುಖ್ಯ ಬೇರಿನ ಮೇಲ್ಭಾಗದಲ್ಲಿ ದಪ್ಪ ಕೆಂಪು ಗಂಟುಗಳಿದ್ದರೆ ಪೊಟ್ಟಣ ಕೆಲಸ ಮಾಡಿದೆ. ಎರಡೂ ಕಡೆ ಗಂಟು ವಿರಳವಾಗಿದ್ದರೆ ಮೊದಲು ಹೊಲದಲ್ಲಿ ನೀರು ನಿಂತಿತ್ತೇ ಎಂದು ನೆನಪಿಸಿಕೊಳ್ಳಿ. ತೊಗರಿಯ ಬೇರಿಗೂ ಗಂಟಿಗೂ ಗಾಳಿ ಬೇಕು, ಎರೆ ಮಣ್ಣಿನಲ್ಲಿ ನಾಲ್ಕು ದಿನ ನೀರು ನಿಂತರೆ ಗಂಟುಗಳು ಕೊಳೆಯತೊಡಗುತ್ತವೆ. ಸಾಲುಗಳ ನಡುವೆ ಬಸಿಗಾಲುವೆ ತೆಗೆಯದೆ ಎಷ್ಟು ಪೊಟ್ಟಣ ಹಚ್ಚಿದರೂ ವ್ಯರ್ಥ. ನೀರು ನಿಂತಿರಲಿಲ್ಲವಾದರೆ ಮಣ್ಣು ಪರೀಕ್ಷೆಯ ಚೀಟಿ ತೆಗೆದು ರಂಜಕದ ಅಂಕಿ ನೋಡಿ, ಹಿಂದಿನ ಬೆಳೆಗೆ ಸಾರಜನಕ ಗೊಬ್ಬರ ಹೆಚ್ಚಾಗಿ ಬಿದ್ದಿತ್ತೇ ಎಂಬುದನ್ನೂ ವಿಚಾರಿಸಿ.

ಕೊಯ್ಲಿನಲ್ಲಿ ಗಿಡವನ್ನು ಬೇರುಸಹಿತ ಕೀಳದೆ ಕುಡುಗೋಲಿನಿಂದ ಬುಡಕ್ಕೆ ಕೊಯ್ಯಿರಿ. ಬೇರು, ಗಂಟು, ಉದುರಿದ ಎಲೆ ಮಣ್ಣಿಗೆ ಸೇರಿ ಮುಂದಿನ ಜೋಳಕ್ಕೆ ಆಗುತ್ತವೆ. ಗೂಟ ನೆಟ್ಟ ಸಾಲುಗಳನ್ನು ಬೇರೆಯಾಗಿಯೇ ಕೊಯ್ದು, ಅಷ್ಟೇ ಉದ್ದದ, ಅಷ್ಟೇ ಸಂಖ್ಯೆಯ ಹಚ್ಚಿದ ಸಾಲುಗಳನ್ನು ಪಕ್ಕದಲ್ಲಿ ಇನ್ನೊಂದು ಗುಡ್ಡೆ ಹಾಕಿ, ಎರಡನ್ನೂ ಬೇರೆ ಬೇರೆ ಬಡಿದು ತೂಗಿ. ಎರಡು ತೂಕಗಳನ್ನೂ, ಗಂಟಿನ ಎಣಿಕೆಯನ್ನೂ, ಪೊಟ್ಟಣದ ಬ್ಯಾಚ್ ಸಂಖ್ಯೆಯನ್ನೂ ಒಂದೇ ಹಾಳೆಯಲ್ಲಿ ಬರೆದು ಮಣ್ಣು ಪರೀಕ್ಷೆಯ ಚೀಟಿಯ ಜೊತೆ ಇಟ್ಟುಕೊಳ್ಳಿ.